ಸಾವಿತ್ರೆವ್ವ ಆರಿಸಿದ ಮಂಡೋಲಿನ್

"ಹಿಡೀರ್ಲೇ, ಜಾರಾಕತ್ತೈತಿ!" ಎಂದು ಈರಪ್ಪ ಕೂಗುವಷ್ಟರಲ್ಲಿ ಮಂಡೋಲಿನ್ ಅವನ ಅಣ್ಣನ ತೊಡೆಯಿಂದ ಮತ್ತೆ ಜಾರಿ ದಣ್ಣೆಂದಿತು. ಗೋಡೆಗೆ ಒರಗಿಸಿ ಕೂಡಿಸಿದ್ದ ಸಂಗನಬಸಪ್ಪ, ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು, ಯಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. ಸತ್ತವರಿಗೆ ಅದೊಂದು ಸುಖ ನೋಡಿ.

"ಕೈಯಾಗ ಇಷ್ಟಲಿಂಗ ಇರಬೇಕಪಾ. ಇದನ್ನ ಹಿಡಸ್ತೀರೇನು?" ಎಂದರು ಅಯ್ಯನವರು.

"ಲಿಂಗ ಎಡಗೈಯಾಗ ಇರ್ಲಿರಿ ಅಜ್ಜಾರ, ಇದು ಬಲಕ್ಕ. ಕುಣಿಯಾಗ ಇದನ್ನೂ ಇಟ್ಟು ಮುಚ್ಚೂಣು. ಅಣ್ಣನ ಜೀವಾನ ಇದರಾಗಿತ್ತು. ವೈನಿಗೂ ಇದರ ಕಾಟ ತಪ್ಪತೈತಿ."

ಬಾಗಿಲ ಬಳಿ ಕೂತಿದ್ದ ಅತ್ತಿಗೆ ಸಾವಿತ್ರೆವ್ವ ಥಟ್ಟನೆ ಇತ್ತ ತಿರುಗಿದಳು. ಗಂಡ ಮಣ್ಣಿಗೆ ಹೋಗುವುದನ್ನು ತಪ್ಪಿಸುವಂತಿಲ್ಲ. ಮಂಡೋಲಿನ್ ಹೋಗುವುದು ಅವಳಿಗೆ ಸುತರಾಂ ಬೇಕಿರಲಿಲ್ಲ. ಆದರೆ ಯಾವ ಬಾಯಿಂದ ಹೇಳುವುದು? "ಈ ಶನಿ ನನ್ನ ಸವತಿ, ಒಂದಿನ ಒಲಿಗೆ ಹಾಕ್ತೇನಿ" ಎಂದು ನೀರಿಗೆ ಹೋದಲ್ಲಿ, ಹೊಲಕ್ಕೆ ಹೋದಲ್ಲಿ, ಇಡೀ ಮೊರಬ ಊರಿಗೆ ಸಾರಿದವಳೇ ಅವಳು. ಈಗ ಬೇಕೆಂದರೆ ಓಣಿಯ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡು ನಗುವುದಿಲ್ಲವೇ? ಅಷ್ಟಕ್ಕೂ ಅದನ್ನು ಆರಿಸಿ ತಂದವಳೂ ಅವಳೇ.

*

ಮೆಣಸಿನಕಾಯಿ ಮಾರಿದ ರೊಕ್ಕ ಕಟ್ಟಿಕೊಂಡು ಇಬ್ಬರೂ ಹುಬ್ಬಳ್ಳಿಯ ವಾದ್ಯದ ಅಂಗಡಿಗೆ ಹೋಗಿದ್ದರು. ಆ ರೊಕ್ಕಕ್ಕೆ ಬರುವಂಥ ಮಂಡೋಲಿನ್ ಎರಡೇ ಇದ್ದವು. ಕೆಂಪಗಿನ ಹಗುರವಾದದ್ದನ್ನು ಎತ್ತಿಕೊಂಡ ಸಂಗನಬಸಪ್ಪ ತಂತಿ ಮೀಟಿ ಕಣ್ಣು ಮುಚ್ಚಿದ. ಸಾವಿತ್ರೆವ್ವ ಅದನ್ನು ಕಸಿದುಕೊಂಡು, ಕುಂಬಾರನ ಮುಂದೆ ಗಡಿಗೆ ನೋಡುವಂತೆ ಬೆರಳ ಗೆಣ್ಣಿನಿಂದ ಕುಟ್ಟಿದಳು.

"ಇದು ಟೊಳ್ಳ ಐತ್ರಿ. ವರ್ಷ ಬಾಳಂಗಿಲ್ಲ."

"ಅವ್ವಾರ, ಟೊಳ್ಳ ಇದ್ರನ ಅದು ನುಡಿಯೋದು," ಎಂದ ಅಂಗಡಿಯವ.

"ನೀ ಮಾರಾಂವ, ಹಂಗ ಅಂತೀ. ಈ ಕಂದು ಬಣ್ಣದ್ದ ನೋಡ್ರಿ, ಎಷ್ಟ ಗಟ್ಟಿ ಐತಿ! ಕೊಟ್ಟ ರೊಕ್ಕಕ್ಕ ತೂಕರ ಬರ್ತೈತಿ."

ಸಂಗನಬಸಪ್ಪ ಕೆಂಪನ್ನು ನೋಡಿದ, ಹೆಂಡತಿಯ ಮುಖ ನೋಡಿದ. "ಗಟ್ಟೀದ ಕೊಡ್ರಿ," ಎಂದ.

*

ಈರಪ್ಪ ಕೊನೆಗೆ ಧೋತರ ಹರಿದು ಮಂಡೋಲಿನ್ನನ್ನು ಅಣ್ಣನ ಹೊಟ್ಟೆಗೆ ಬಿಗಿದ. ಸಂಗನಬಸಪ್ಪನ ಭಜನಿ ಮೇಳದ ಯಾಕೂಬಸಾಬ ತಾಳ ಕೆಳಗಿಟ್ಟು ನಿಟ್ಟುಸಿರು ಬಿಟ್ಟ.

"ಹೋಗ್ಲಿ ಬಿಡ್ರಿ. ಅದರ ಕುತ್ತಿಗಿ ತಂದ ದಿನದಿಂದ ಡೊಂಕ. ಒಂದಿನಾನೂ ಸುರ್ ಹಿಡೀಲಿಲ್ಲ. ನಾ ಹಾರ್ಮೋನಿಯಂ ಬಿಟ್ಟು ತಾಳ ಯಾಕ ಹಿಡದೆ ಅಂತೀರಿ? ಅದಕ್ಕೂ ಇದಕ್ಕೂ ಜನ್ಮದಾಗ ಕೂಡ್ಲಿಲ್ಲ."

"ಡೊಂಕ ಇತ್ತೇನು?" ಸಾವಿತ್ರೆವ್ವ ತಲೆಯೆತ್ತಿದಳು.

"ಮತ್ತ? ನಾವೆಲ್ಲಾ ಪಟ್ಟಿ ಹಾಕಿ ಬ್ಯಾರೇದ ತರ್ತೇವಿ ಅಂದ್ವಿ ಅಕ್ಕಾ. ಕೇಳಬೇಕಲ್ಲ ಮಾರಾಯ! 'ನಮ್ಮಾಕಿ ಆರಿಸಿದ್ದು. ನೀವ ಒಂದೀಟು ಇಳಿಸಿ ಹಾಡ್ರಿ' ಅಂದ."

ಸಾವಿತ್ರೆವ್ವ ಧಡಕ್ಕನೆ ಎದ್ದು ಗಂಡನ ಮುಂದೆ ನಿಂತಳು.

"ಏನ್ರಿ, ಡೊಂಕ ಐತಿ ಅಂತ ಒಂದ ಮಾತ ಹೇಳಿದ್ರ ನಿಮ್ಮ ಗಂಟೇನ ಹೋಗ್ತಿತ್ತು? ನಿಮಗ ಬಾರಸಾಕ ಬರಂಗಿಲ್ಲ ಅಂತ ದಿನಾ ಬೈದ್ನಲ್ಲಾ! ನನ್ನ ತಪ್ಪಿಗೆ ನನ್ನ ಕಡೆಯಿಂದನ ಬೈಸ್ಕೊಂಡು ನಕ್ಕೋಂತ ಕುಂತ್ರಿ?"

"ವೈನಿ, ಹೆಣಕ್ಕ ಬೈತಾರೇನ್ರಿ?"

"ನನ್ನ ಗಂಡ, ನಾ ಬೈತೇನಿ. ನೀ ಆ ಗಂಟ ಬಿಚ್ಚೋ ಈರಪ್ಪ. ಇದು ಕುಣಿಗೆ ಹೋಗಂಗಿಲ್ಲ. ನನಗ ಬೇಕು."

ಓಣಿಯ ಹೆಂಗಸರು ನಕ್ಕೇಬಿಟ್ಟರು. ನಗಲಿ, ಮುಂಜಾನೆಯಿಂದ ಬಾರದಿದ್ದ ಅಳು ಅವಳಿಗೆ ಆಗ ಬಂತು.

ಹೆಣ ಕೂಡಿಸಿದ ಹೂವಿನ ವಿಮಾನ ಎತ್ತಿದರು. ಮಂಡೋಲಿನ್ನಿನ ಹಂಗಿಲ್ಲದ ಮೇಳ ಎಷ್ಟೋ ವರ್ಷಗಳ ಮೇಲೆ ಸರಿಯಾದ ಶ್ರುತಿಯಲ್ಲಿ ಪದ ಎತ್ತಿಕೊಂಡಿತು. ಹೊಸ್ತಿಲ ಮೇಲೆ ನಿಂತಿದ್ದ ಸಾವಿತ್ರೆವ್ವ ಅಳುತ್ತಲೇ, ಕಂಕುಳಲ್ಲಿದ್ದ ಮಂಡೋಲಿನ್ನಿನ ತಂತಿಗಳ ಮೇಲೆ ಅಂಗೈ ಎಳೆದಳು. ಅದು ಗೊರ್ರೆಂದಿತು. ಹಾಡುತ್ತಿದ್ದವರು ತಡೆದು ನಿಂತರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಯಾಕೂಬಸಾಬ, ಆಮೇಲೆ ಒಬ್ಬೊಬ್ಬರಾಗಿ, ಎಲ್ಲರೂ ದನಿಯನ್ನು ಒಂದಿಷ್ಟು ಇಳಿಸಿಕೊಂಡು ಸಂಗನಬಸಪ್ಪನನ್ನು ಹೊತ್ತು ನಡೆದರು.