ಮಾವನ ಬೆನ್ನಿಗೆ ಒಪ್ಪಿದ ಬ್ಯಾಗು

ಮಿಟುಕಿ ಅಂತ ಅಡ್ಡಹೆಸರಿಟ್ಟವಳು ಅವಳ ಅಕ್ಕ. ಚಿಕ್ಕಂದಿನಿಂದಲೂ ಏನೇ ಕಂಡರೂ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಅಳೆಯುವ ಚಾಳಿ ಅವಳದು. ದೊಡ್ಡವಳಾದ ಮೇಲೆ ಅದೇ ಚಾಳಿ ಹೊಟ್ಟೆಪಾಡಾಯಿತು, ಫೋಟೋಗ್ರಾಫರ್ ಆದಳು. ಹೆಸರು ಗಂಡನ ಮನೆಯವರೆಗೂ ಬೆನ್ನುಬಿಡದೆ ಬಂತು. ಗಂಡ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಒಮ್ಮೆ ಹೊರಟನೆಂದರೆ ತಿಂಗಳುಗಟ್ಟಲೆ ನೀರಿನ ಮೇಲೆ. ಮನೆಯಲ್ಲಿ ಉಳಿಯುತ್ತಿದ್ದವರು ಅವಳು ಮತ್ತು ಮಾವ.

ಮಾವ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಕೆಟ್ಟವರಲ್ಲ, ಮಾತು ಕಡಿಮೆ. ಕೆಲಸದಲ್ಲಿದ್ದಾಗ ಕೂಗಿ ಕೂಗಿ ಮಾತೆಲ್ಲ ಖರ್ಚಾಗಿಹೋಗಿದೆ ಅಂತ ಮಗ ತಮಾಷೆ ಮಾಡುತ್ತಿದ್ದ. ಸೊಸೆಯ ಕೆಲಸದ ಬಗ್ಗೆ ಅವರಿಗೆ ಅಂಥ ಗೌರವವೇನೂ ಇರಲಿಲ್ಲ. “ಗುಂಡಿ ಒತ್ತೋದಕ್ಕೆ ಇಷ್ಟು ಸಾಮಾನಾ?” ಅಂತ ಅವಳು ಮನೆಗೆ ಬಂದ ಹೊಸತರಲ್ಲಿ ಒಮ್ಮೆ ಅಂದಿದ್ದರು. ಮಿಟುಕಿ ಮಾತಿಗೆ ಮಾತು ಬೆಳೆಸಲಿಲ್ಲ, ಮರೆಯಲೂ ಇಲ್ಲ. ಎದುರುಬದುರಾದಾಗ “ಊಟ ಆಯ್ತಾ?”, “ಆಯ್ತು” ಅಂದುಕೊಂಡು ಇಬ್ಬರೂ ದಿನ ದೂಡುತ್ತಿದ್ದರು.

ಹೀಗಿರುವಾಗ ಒಂದು ಕ್ರೀಡಾಕೂಟದಲ್ಲಿ, ಗೆದ್ದ ಹುಡುಗಿಯರನ್ನು ಮುತ್ತಿಕೊಂಡ ಜನರ ನೂಕುನುಗ್ಗಲಿಗೆ ಸಿಕ್ಕಿ ಮಿಟುಕಿ ಬಿದ್ದಳು. ಎಡ ಹೆಗಲಿಗೆ ನೇತುಹಾಕಿಕೊಂಡಿದ್ದ ಬ್ಯಾಗು ಅವಳನ್ನೂ ತನ್ನ ಜೊತೆಗೇ ಎಳೆದುಕೊಂಡು ನೆಲಕ್ಕೆ ಹೋಯಿತು. ಭುಜದೆಲುಬು ಮುರಿಯಿತು. ಒಳಗೆ ಒಂದಕ್ಕೊಂದು ತಾಗಿಕೊಂಡಿದ್ದ ಲೆನ್ಸುಗಳಲ್ಲಿ ಒಂದರ ಗಾಜು ಬಿರುಕುಬಿಟ್ಟಿತು. ಡಾಕ್ಟರಮ್ಮ ಕೈಯನ್ನು ಬಟ್ಟೆಯ ಜೋಲಿಯಲ್ಲಿ ಕಟ್ಟಿ, “ಕೆಲವು ವಾರ ಬಿಟ್ಟು ಕ್ಯಾಮೆರಾ ಹಿಡೀಬಹುದು. ಆದರೆ ಹೆಗಲಿಗೆ ಭಾರ ಅಂತ ಏನೂ ಬೀಳಬಾರದು, ನಾನು ಹೇಳೋ ತನಕ,” ಅಂದರು.

ಮಿಟುಕಿ ಮನಸ್ಸಿನಲ್ಲೇ ದಿನ ಎಣಿಸಿದಳು. ಸಾಬೂನು ಕಾರ್ಖಾನೆಯೊಂದರ ವಾರ್ಷಿಕೋತ್ಸವಕ್ಕೆ ಅಲ್ಲಿ ದುಡಿಯುವ ಅಷ್ಟೂ ಜನರನ್ನು ಒಂದೇ ಫೋಟೋದಲ್ಲಿ ಕೂರಿಸುವ ಕೆಲಸ ಒಪ್ಪಿಕೊಂಡಿದ್ದಳು. ಅಷ್ಟು ದೊಡ್ಡ ಕೆಲಸ ಅವಳನ್ನು ಹುಡುಕಿಕೊಂಡು ಬಂದದ್ದು ಅದೇ ಮೊದಲು. ಜೋಲಿ ಬಿಚ್ಚಿದ ಮೇಲೂ ಹೆಗಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಇನ್ನು ಬೇರೆ ದಾರಿಯಿಲ್ಲ ಅಂತ ಒಂದು ಬೆಳಿಗ್ಗೆ ಫೋನು ಕೈಗೆತ್ತಿಕೊಂಡಳು. ಮಾವ ಟೀ ತಂದು ಮುಂದಿಟ್ಟರು.

“ಯಾರಿಗೆ ಫೋನು?”

“ಕಾರ್ಖಾನೆಗೆ, ಮಾವ. ಬರೋಕಾಗಲ್ಲ ಅಂತ ಹೇಳ್ಬೇಕು.”

“ಯಾಕೆ, ಕಣ್ಣಿಗೇನಾದ್ರೂ ಆಗಿದೆಯಾ?”

“ಕಣ್ಣು ಸರಿಯಾಗೇ ಇದೆ. ಬ್ಯಾಗ್ ಹೊರೋರು ಯಾರು?”

ಲೋಟದ ಕೆಳಗೆ ಚೆಲ್ಲಿದ್ದ ಟೀ ಒರೆಸುತ್ತಾ ಮಾವ, “ನಾನೇನು ಸತ್ತುಹೋಗಿದ್ದೀನಾ?” ಅಂದರು.

ಅಷ್ಟಕ್ಕೇ ನಿಲ್ಲಲಿಲ್ಲ. ಮೂಲೆಯಲ್ಲಿದ್ದ ಹಳೇ ಬ್ಯಾಗನ್ನು ಎತ್ತಿ ಹೆಗಲಿಗೆ ಹಾಕಿ ನೋಡಿ, ಮುಖ ಸಿಂಡರಿಸಿ ಕೆಳಗಿಟ್ಟರು. “ಇದನ್ನಲ್ಲಮ್ಮ. ಸರ್ವಿಸ್ ಪೂರ್ತಿ ಚರ್ಮದ ಚೀಲ ಒಂದೇ ಹೆಗಲಿಗೆ ಹಾಕ್ಕೊಂಡೆ. ಈಗಲೂ ಅಳತೆ ತಗೊಳ್ಳುವಾಗ ದರ್ಜಿ ‘ನೆಟ್ಟಗೆ ನಿಂತ್ಕೊಳ್ಳಿ’ ಅಂತಾನೆ. ನಾನು ನೆಟ್ಟಗೇ ನಿಂತಿರ್ತೀನಿ.”

ಮಿಟುಕಿ ಆಗ ಸರಿಯಾಗಿ ನೋಡಿದಳು. ಹೌದು, ಮಾವನ ಬಲ ಹೆಗಲು ಎಡಕ್ಕಿಂತ ತಗ್ಗಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ, ಜಗತ್ತನ್ನೆಲ್ಲ ಕಣ್ಣಳತೆಯಲ್ಲಿ ಹಿಡಿಯುವ ತನಗೆ ಅದು ಕಂಡಿರಲಿಲ್ಲವಲ್ಲ ಅಂತ ಒಂಥರಾ ಆಯಿತು.

ಮರುದಿನ ಕ್ಯಾಮೆರಾ ಸಾಮಾನನ್ನೆಲ್ಲ ಟವೆಲ್ಲುಗಳಲ್ಲಿ ಸುತ್ತಿಕೊಂಡು ಇಬ್ಬರೂ ಹೊಸ ಬ್ಯಾಗು ಕೊಳ್ಳಲು ಅಂಗಡಿಗೆ ಹೋದರು. ಮಾವನ ಕಣ್ಣು ಮೊದಲು ಬಿದ್ದದ್ದು ಬೀಗವಿದ್ದ, ಗಾಲಿಯಿದ್ದ ಗಟ್ಟಿ ಪೆಟ್ಟಿಗೆಯ ಮೇಲೆ. ಆನೆ ತುಳಿದರೂ ಏನೂ ಆಗದು ಅಂತ ಅಂಗಡಿಯ ಹುಡುಗಿಯೂ ದನಿಗೂಡಿಸಿದಳು.

“ಆನೆ ಸಿಕ್ಕಾಗ ನೋಡೋಣ. ಮೆಟ್ಟಿಲು ಹತ್ತುವಾಗ ಇದನ್ನ ನೀವು ಎಳೀಬೇಕಾ, ಅದು ನಿಮ್ಮನ್ನ ಎಳೀಬೇಕಾ?” ಅಂದಳು ಮಿಟುಕಿ. ಮಾವ ಪೆಟ್ಟಿಗೆಯಿಂದ ಕೈ ತೆಗೆದರು.

ಆಮೇಲೆ ಹುಡುಗಿ ತೋರಿಸಿದ್ದು ಬೆನ್ನಿಗೆ ಹಾಕುವ ಕ್ಯಾಮೆರಾ ಬ್ಯಾಗು. ಅದರ ಮೇಲೆ ಕಂಪನಿಯ ಹೆಸರು ದಪ್ಪ ಅಕ್ಷರಗಳಲ್ಲಿತ್ತು, ಜಿಪ್ಪು ಹೊರಮುಖಕ್ಕಿತ್ತು. ಈ ಸಲ ತಲೆಯಾಡಿಸಿದವರು ಮಾವ. “ಬಸ್ಸಲ್ಲಿ ಇದನ್ನ ಹಾಕ್ಕೊಂಡು ನಿಂತ್ರೆ, ಇಳಿಯೋ ಹೊತ್ತಿಗೆ ಬ್ಯಾಗ್ ಇರುತ್ತೆ, ಒಳಗಿಂದು ಇರಲ್ಲ.”

ಕೊನೆಗೆ ಸಿಕ್ಕಿದ್ದು ಒಂದು ಸಾದಾ ಬೂದು ಬಣ್ಣದ ಬ್ಯಾಗು. ಕಾಲೇಜಿಗೆ ಹೋಗುವವರದೋ, ಜಿಮ್ಮಿಗೆ ಹೋಗುವವರದೋ ಅನ್ನಿಸುವಂಥದ್ದು. ಎರಡೂ ಹೆಗಲಿಗೆ ಅಗಲ ಪಟ್ಟಿ, ಭಾರವನ್ನು ಸೊಂಟಕ್ಕೆ ದಾಟಿಸುವ ಬೆಲ್ಟು. ಬೆನ್ನಿಗೆ ಒತ್ತಿಕೊಳ್ಳುವ ಕಡೆಯಿಂದ ತೆರೆದುಕೊಳ್ಳುತ್ತಿದ್ದರಿಂದ ಹಿಂದೆ ನಿಂತವರು ಜಿಪ್ಪಿಗೆ ಕೈ ಹಾಕುವ ಹಾಗಿರಲಿಲ್ಲ. ಆದರೆ ಒಳಗೆ ಬರೀ ಖಾಲಿ.

“ಇದಕ್ಕೆ ಇನ್ಸರ್ಟ್ ಬೇರೆ ತಗೋಬೇಕು, ಆಂಟಿ,” ಅಂತ ಹುಡುಗಿ ಮೆತ್ತನೆ ಗೋಡೆಯ ಡಬ್ಬಗಳನ್ನು ಸಾಲಾಗಿ ಇಟ್ಟಳು. ಒಳಗಿನ ಅಡ್ಡಗೋಡೆಗಳನ್ನು ಕಿತ್ತು ಬೇಕಾದ ಕಡೆ ಅಂಟಿಸಬಹುದು, ಇಡೀ ಡಬ್ಬವನ್ನೇ ಎತ್ತಿ ಇನ್ನೊಂದು ಬ್ಯಾಗಿಗೆ ಇಳಿಸಬಹುದು. ಮಿಟುಕಿ ಒಂದು ಕಣ್ಣು ಮುಚ್ಚಿದಳು. ಒಂದು ತೀರಾ ಆಳ, ಲೆನ್ಸು ಬಾವಿಗೆ ಬಿದ್ದ ಹಾಗೆ ಕೂರುತ್ತಿತ್ತು. ಇನ್ನೊಂದರ ಒಳಬಟ್ಟೆ ಕಪ್ಪು, ಕಪ್ಪು ಮುಚ್ಚಳ ಅದರಲ್ಲಿ ಕಳೆದುಹೋದರೆ ಹುಡುಕುವವರು ಯಾರು? ಹಳದಿ ಒಳಬಟ್ಟೆಯ ಅಗಲ ಡಬ್ಬ ಅವಳಿಗೆ ಹಿಡಿಸಿತು. ಟವೆಲ್ಲು ಬಿಚ್ಚಿ ಸಾಮಾನನ್ನೆಲ್ಲ ಅದರೊಳಗೆ ಕೂರಿಸಿದಳು. ಅಲ್ಲಾಡಿಸಿ ನೋಡಿದರೆ ಸದ್ದಿಲ್ಲ.

ಮಾವ ಬ್ಯಾಗು ಬೆನ್ನಿಗೇರಿಸಿ, ಬೆಲ್ಟು ಬಿಗಿದು, ಅಂಗಡಿಯಿಂದ ಹೊರಗೆ ನಡೆದೇಬಿಟ್ಟರು. ಎಷ್ಟು ಹೊತ್ತಾದರೂ ಸುಳಿವಿಲ್ಲ. ಹುಡುಗಿ ಬಾಗಿಲು ನೋಡುತ್ತಾಳೆ, ಮಿಟುಕಿಯ ಮುಖ ನೋಡುತ್ತಾಳೆ, ಬಾಯಿಬಿಟ್ಟು ಕೇಳಲು ಸಂಕೋಚ. ಅಷ್ಟರಲ್ಲಿ ಮಾವ ಬಂದರು.

“ಬಸ್ ಸ್ಟಾಪಿನ ತನಕ ಹೋಗಿಬಂದೆ. ನಡೆಯುತ್ತೆ.”

ಅವತ್ತಿನಿಂದ ಮನೆಯಲ್ಲಿ ಮಾತು ಶುರುವಾಯಿತು. ಲೆನ್ಸುಗಳ ನಂಬರು ಮಾವನ ತಲೆಗೆ ಹತ್ತಲಿಲ್ಲ, ಅದಕ್ಕೆ ತಾವೇ ಹೆಸರಿಟ್ಟರು: ಗಿಡ್ಡ, ಉದ್ದ, ಡುಮ್ಮ. ಡುಮ್ಮ ಕ್ಯಾಮೆರಾಕ್ಕೆ ತಾಗಬಾರದೆಂದು ಅಡ್ಡಗೋಡೆಯನ್ನು ಒಂದು ಬೆರಳು ಆಚೆಗೆ ಸರಿಸಿದರು. “ಡುಮ್ಮನ್ನ ಕೊಡಿ” ಅಂದರೆ ಕಣ್ಣುಮುಚ್ಚಿ ಡುಮ್ಮನ್ನೇ ಕೊಡುವಷ್ಟು ಅಭ್ಯಾಸ ಮಾಡಿದರು.

ಕಾರ್ಖಾನೆಯ ಅಂಗಳದಲ್ಲಿ ಜನ ಕಿಕ್ಕಿರಿದಿದ್ದರು. ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಬೇಕು, ನಿಲ್ಲುವವರು ಯಾರು? ಮ್ಯಾನೇಜರು ಮೈಕು ತಟ್ಟಿದರು, ಅದು ಕಿರ್ರೆಂದು ಸುಮ್ಮನಾಯಿತು. ಕೈಯೆತ್ತಿ ಸನ್ನೆ ಮಾಡಲು ಮಿಟುಕಿಯ ಹೆಗಲು ಬಿಡದು, ಅವಳ ದನಿ ಎರಡನೇ ಸಾಲಿಗೂ ಮುಟ್ಟದು. ಅವಳಿಗೆ ಅಳುವೇ ಬರುವಂತಾಯಿತು.

ಆಗ ಅವಳ ಹಿಂದಿನಿಂದ, ಅವಳು ಎಂದೂ ಕೇಳಿರದ ಒಂದು ದನಿ ಎದ್ದಿತು.

“ಒಳಗೆ ಜಾಗ ಇದೆ, ಒಳಗೆ ಸರೀರಿ! ಬಾಗಿಲ ಹತ್ರ ನಿಂತೋರು ಮುಂದೆ ನಡೀರಿ! ಉದ್ದ ಇರೋರು ಹಿಂದಿನ ಸೀಟು!”

ಅಲ್ಲಿ ಬಾಗಿಲೂ ಇರಲಿಲ್ಲ, ಸೀಟೂ ಇರಲಿಲ್ಲ. ಆದರೆ ಅಷ್ಟೂ ಜನ ತಮಗೇ ಗೊತ್ತಿಲ್ಲದಂತೆ ಒಳಗೆ ಸರಿದರು. ಸರಿದ ಮೇಲೆ ನಗು ಶುರುವಾಯಿತು, ಮ್ಯಾನೇಜರಿಂದ ಹಿಡಿದು ಪ್ಯಾಕಿಂಗಿನ ಹೆಂಗಸರ ತನಕ. ಆ ನಗುವಿನ ನಡುವೆಯೇ ಮಿಟುಕಿ ಕ್ಲಿಕ್ಕಿಸಿದಳು. ಇಷ್ಟು ಜನ ಒಟ್ಟಿಗೆ ನಿಜವಾಗಿ ನಗುವುದನ್ನು ಅವಳ ಕ್ಯಾಮೆರಾ ಅದುವರೆಗೆ ಕಂಡಿರಲಿಲ್ಲ.

ಮೇಲಿನಿಂದಲೂ ಒಂದು ತೆಗೆಯೋಣವೆಂದು ಕಬ್ಬಿಣದ ಮೆಟ್ಟಿಲೇರಿ ತಾರಸಿಗೆ ಹೋದರು. ಇಳಿಯುವಾಗ, ಸಾಬೂನಿನ ಪುಡಿಯೋ ಏನೋ, ಮುಂದಿದ್ದ ಮಾವನ ಕಾಲು ಜಾರಿತು. ಬೆನ್ನು ಕೆಳಗಾಗಿ ಧಡ ಧಡ ಅಂತ ಕೆಳಗಿನವರೆಗೂ ಹೋಗಿ ಕೂತರು.

ಮಿಟುಕಿ ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಮಾವ ಬ್ಯಾಗಿನ ಮೇಲೆ ಒರಗಿ, ಮುಖ ಬಿಳಿಚಿಕೊಂಡು, “ಡುಮ್ಮ ಏನಾದ ನೋಡಮ್ಮ ಮೊದಲು,” ಅಂದರು.

“ಡುಮ್ಮ ಹಾಳಾಗಿಹೋಗಲಿ. ನಿಮ್ಮ ಸೊಂಟ ಹೇಗಿದೆ? ಕೈ ಆಡಿಸಿ. ತಲೆಗೆ ತಾಗಿತಾ?”

ಮಾವ ಅವಳ ಮುಖವನ್ನೇ ನೋಡಿದರು. “ಏನಿಲ್ಲ. ಮೆತ್ತಗೆ ಇತ್ತು,” ಅಂದರು ನಿಧಾನವಾಗಿ. ನಿಜಕ್ಕೂ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ದಪ್ಪ ಗೋಡೆಯ ಆ ಡಬ್ಬ ಬೆನ್ನಿಗೆ ಹಾಸಿಗೆಯಾಗಿತ್ತು. ಅವರನ್ನು ಎಬ್ಬಿಸಿ, ನೀರು ಕುಡಿಸಿ, ತರಚಿದ ಜಾಗ ತೊಳೆದ ಮೇಲೆಯೇ ಮಿಟುಕಿ ಜಿಪ್ಪು ತೆಗೆದದ್ದು. ಗಿಡ್ಡ, ಉದ್ದ, ಡುಮ್ಮ ತಂತಮ್ಮ ಮನೆಯಲ್ಲಿ ತಣ್ಣಗೆ ಮಲಗಿದ್ದರು.

ಬಸ್ಸಿನಲ್ಲಿ ಮಾವನಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟಳು. “ಮಾವ, ಇವತ್ತು ನೀವು ಇಲ್ಲದಿದ್ರೆ...”

“ಟಿಕೆಟ್ ತಗೊಂಡ್ಯಾ?”

“ತಗೊಂಡೆ.”

“ಹಾಗಾದ್ರೆ ಫೋಟೋ ತೋರಿಸು.”

ಕ್ಯಾಮೆರಾದ ಪುಟ್ಟ ಪರದೆಯನ್ನು ಮೂಗಿನ ಹತ್ತಿರ ಹಿಡಿದು, ಒಬ್ಬೊಬ್ಬರನ್ನೇ ದೊಡ್ಡದು ಮಾಡಿಸಿಕೊಂಡು, ಮಾವ ದಾರಿಯುದ್ದಕ್ಕೂ ನೋಡಿದರು. ಹಿಂದಿನ ಸಾಲಿನವರ ಮುಖವೂ ಇಷ್ಟು ಸ್ಪಷ್ಟ ಬಂದದ್ದು ಹೇಗೆ ಅಂತ ಕೇಳಿದರು. ಅವಳು ಹೇಳಿದಳು. ಮತ್ತೂ ಕೇಳಿದರು. ಯಾರಾದರೂ ತನ್ನ ಕೆಲಸವನ್ನು ಹೀಗೆ ಕೆದಕಿ ಕೆದಕಿ ಕೇಳಿದರೆ ಎಷ್ಟು ಹಿತವಾಗುತ್ತದೆ ಅನ್ನುವುದು ಅವಳಿಗೆ ಅವತ್ತು ಗೊತ್ತಾಯಿತು.

ಆ ಫೋಟೋ ನೋಡಿದವರು ಇನ್ನಷ್ಟು ಕೆಲಸ ಕೊಟ್ಟರು. ಹೆಗಲೂ ಗುಣವಾಯಿತು. ಇನ್ನು ಭಾರ ಹೊರಬಹುದು ಅಂತ ಡಾಕ್ಟರಮ್ಮ ಅಂದದ್ದನ್ನು ತಿಳಿಸಿದಾಗ ಮಾವ “ಒಳ್ಳೇದಾಯ್ತು,” ಅಂದು ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಬ್ಯಾಗು ಅವಳ ಮೇಜಿನ ಮೇಲಿತ್ತು. ಪಕ್ಕದ ಜೇಬಿನಲ್ಲಿ ಇರುತ್ತಿದ್ದ ಅವರ ಕರವಸ್ತ್ರ, ಕನ್ನಡಕದ ಡಬ್ಬಿ ಎರಡೂ ಇರಲಿಲ್ಲ.

ಮಿಟುಕಿ ಅಂಗಡಿಗೆ ಹೋಗಿ ತನಗೊಂದು ಚಿಕ್ಕ ಬ್ಯಾಗು, ಅದಕ್ಕೊಂದು ಪುಟ್ಟ ಇನ್ಸರ್ಟ್ ತಂದಳು. ಕ್ಯಾಮೆರಾ ಅದರಲ್ಲಿಟ್ಟು, ಬೂದು ಬ್ಯಾಗನ್ನು ಮಾವನ ಕೋಣೆಗೆ ಒಯ್ದಳು.

“ಹೊರಬಹುದು ಅಂದಿದ್ದಾರೆ, ಮಾವ. ಎಲ್ಲಾ ಒಬ್ಬಳೇ ಹೊರು ಅಂದಿಲ್ಲ. ಕ್ಯಾಮೆರಾ ನನ್ನ ಹತ್ರ, ಲೆನ್ಸೆಲ್ಲ ನಿಮ್ಮ ಹತ್ರ.”

ಮಾವ ಕನ್ನಡಕದ ಡಬ್ಬಿಗೆ ಕೈ ಚಾಚಿದರು. “ನಾಳೆ ಎಷ್ಟು ಹೊತ್ತಿಗೆ ಹೊರಡೋದು?”

ಅದೇ ವಾರ ಗಂಡ ಹಡಗಿನಿಂದ ಫೋನು ಮಾಡಿದಾಗ ಎಲ್ಲ ಹೇಳಿದಳು. ಅವನು, “ನನ್ನ ಸ್ಕೂಲ್ ಬ್ಯಾಗ್ ಕೂಡ ಒಂದು ದಿನ ಹೊತ್ತವರಲ್ಲ ಕಣೇ ನಮ್ಮಪ್ಪ,” ಅಂದ.

“ನನ್ನ ಪುಣ್ಯ,” ಅಂದಳು ಮಿಟುಕಿ. ತಮಾಷೆಗೆ ಅಂದದ್ದಲ್ಲ.