ಕಿರುಗುಟ್ಟುವ ವ್ಯಾಸಪೀಠ

ನಾನು ಒಂದು ವ್ಯಾಸಪೀಠ. ಕಾವ್ಯ ಓದುವವರು ಹೊತ್ತಗೆ ನೆಲಕ್ಕೆ ತಾಗಬಾರದೆಂದು ಮುಂದಿಟ್ಟುಕೊಳ್ಳುವ ಮಡಿಚುಮಣೆ. ಬಿಡಿಸಿದರೆ ಎರಡು ಅಂಗೈ ಬೊಗಸೆಯಾದ ಹಾಗೆ ಕಾಣುತ್ತೇನೆ, ಮಡಿಚಿದರೆ ಬರೀ ಹಲಗೆ. ಒಂದು ಸಂಗತಿ ಮೊದಲೇ ಹೇಳಿಬಿಡುತ್ತೇನೆ: ನನ್ನನ್ನು ಬಿಡಿಸಿದಾಗ ಕಿರ್ರೆಂದು ಸದ್ದಾಗುತ್ತದೆ. ಅದಕ್ಕಾಗಿ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ಚಿತ್ರದುರ್ಗದ ಸೀಮೆಯ ನೇರಲಕಟ್ಟೆಯಲ್ಲಿ ಮೌನಾಚಾರಿ ಎಂಬ ಬಡಗಿ ನನ್ನನ್ನು ಮಾಡಿದ. ನನ್ನಂಥವರನ್ನು ಮಾಡುವುದೆಂದರೆ ಎರಡು ಹಲಗೆ ತಂದು ಮೊಳೆ ಹೊಡೆಯುವುದಲ್ಲ. ಒಂದೇ ಹೊನ್ನೆಯ ಹಲಗೆಯನ್ನು ದಪ್ಪದಲ್ಲಿ ಸೀಳುತ್ತ ಬಂದು, ನಡುವೆ ಮಾತ್ರ ಬೆರಳಿಗೆ ಬೆರಳು ಹೆಣೆದಂತೆ ಗೆಣ್ಣುಗಳನ್ನು ಉಳಿಸಿಕೊಂಡು ಕೊರೆಯಬೇಕು. ಉಳಿ ಕೂದಲೆಳೆಯಷ್ಟು ಜಾರಿದರೂ ಮರವೆಲ್ಲ ದಂಡ. ನನ್ನ ಒಂದು ಗೆಣ್ಣಿನಲ್ಲಿ ಮೌನಾಚಾರಿಯ ಉಳಿ ಜಾರಿತು. ನಾನು ಮುರಿಯಲಿಲ್ಲ; ಕಿರುಗುಟ್ಟಿದೆ, ಅಷ್ಟೆ.

ನನ್ನನ್ನು ಮಾಡಿಸಿದ್ದು ಊರ ಮಂಟಪದವರು. ಶ್ರಾವಣದ ಸಂಜೆಗಳಲ್ಲಿ ಅಲ್ಲಿ ಕಾವ್ಯ ಓದಿಸುವ ರೂಢಿಯಿತ್ತು. ಮಂಟಪದ ಯಜಮಾನರಾದ ಪಟೇಲ ಸಿದ್ರಾಮಪ್ಪನವರು ನನ್ನನ್ನು ಒಮ್ಮೆ ಬಿಡಿಸಿ ಮುಖ ಸಿಂಡರಿಸಿದರು.

“ಏನಯ್ಯ ಆಚಾರಿ, ದೇವರ ಕಥೆ ಶುರುವಾಗಕ್ ಮುಂಚೆ ಇದು ಅಪಶಕುನ ನುಡೀತೈತಲ್ಲೊ! ಒಲೆಗೆ ಹಾಕು.”

ಮೆಟ್ಟಿಲ ಬಳಿ ಚಪ್ಪಲಿ ಬಿಡುತ್ತಿದ್ದ ಹೆಂಗಸೊಬ್ಬರು ತಲೆಯೆತ್ತಿದರು. ಊರ ಶಾಲೆಯ ರುದ್ರಾಣಿ ಟೀಚರು. “ಒಲೆಗ್ಯಾಕೆ? ನಂಗೆ ಕೊಡಿ ಪಟೇಲ್ರೆ.”

“ಕಿರುಗುಟ್ತೈತೆ ಟೀಚರಮ್ಮ.”

“ನಮ್ಮ ಒಂದನೇ ಕ್ಲಾಸಿಗೆ ಬಂದು ಕೇಳಿ. ಅಲ್ಲಿರೋವೆಲ್ಲ ಕಿರುಗುಟ್ಟೋವೇ. ಇನ್ನೂ ಒಂದನ್ನೂ ಒಲೆಗೆ ಹಾಕಿಲ್ಲ ನಾನು.”

ಹೀಗೆ ನಾನು ದೇವರ ಮಂಟಪ ತಪ್ಪಿ ಶಾಲೆಯ ಮುಂದಿನ ಕೋಣೆಗೆ ಬಂದೆ. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಮರುದಿನ ಬೆಳಿಗ್ಗೆ ಟೀಚರು ನನ್ನನ್ನು ಕಣ್ಣಿಗೊತ್ತಿಕೊಂಡು ಬಿಡಿಸಿದರು. ಕಿರ್ರೆಂದಿತು. ಗದ್ದಲವೆಲ್ಲ ಒಮ್ಮೆಗೇ ನಿಂತಿತು. ಅಂದಿನಿಂದ ಆ ಕೋಣೆಯಲ್ಲಿ ಪಾಠದ ಗಂಟೆ ಬೇರೆ ಬೇಕಾಗಲಿಲ್ಲ.

ಟೀಚರ ತಂದೆ ಊರೂರಲ್ಲಿ ಕಾವ್ಯ ಓದಿದವರಂತೆ. ಮಗಳಿಗೆ ಷಟ್ಪದಿ ತೊಟ್ಟಿಲಲ್ಲೇ ಬಂದಿತ್ತು. ನನ್ನ ಮೇಲೆ ಪುಸ್ತಕ ಇರುತ್ತಿತ್ತು, ಆದರೆ ಅವರು ಅದನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ನನ್ನ ಅಂಚಿಗೆ ಬೆರಳಿನಿಂದ ಮೂರು, ನಾಲ್ಕು, ಮೂರು, ನಾಲ್ಕು ಎಂದು ತಟ್ಟುತ್ತ ಹೇಳುತ್ತಿದ್ದರು. ಮಕ್ಕಳೂ ಮೊದಲು ಕಿವಿಯಲ್ಲಿ ಕಲಿಯಬೇಕು, ಆಮೇಲೆ ಕಣ್ಣಲ್ಲಿ. ಆ ಬೆರಳಿನ ತಟ್ಟು ಇಂದಿಗೂ ನನ್ನ ಮರದೊಳಗಿದೆ. ಬೇಕಾದವರು ಕಿವಿಯಿಟ್ಟು ನೋಡಬಹುದು.

ಆ ಕೋಣೆಗೆ ಒಂದು ವರ್ಷ ಚೌಡಿ ಬಂದಳು. ಮಂಡಕ್ಕಿ ಭಟ್ಟಿಯವರ ಮಗಳು, ಲಂಗದ ತುಂಬ ಹೊಗೆಯ ವಾಸನೆ. ಅವಳಿಗೆ ಉಗ್ಗು. ಒಂದು ಮಾತು ಹೊರಡಬೇಕಾದರೆ ತುಟಿ ನಡುಗಿ, ಕತ್ತಿನ ನರ ಉಬ್ಬಿ, ನೋಡುವವರಿಗೇ ಉಸಿರು ಕಟ್ಟುತ್ತಿತ್ತು. ಪಕ್ಕದಲ್ಲಿ ಕೂರುವ ಓಂಕಾರಿಗೆ ಅಷ್ಟು ತಾಳ್ಮೆಯೆಲ್ಲಿ? ಅವಳು “ನೀ...” ಎನ್ನುವಷ್ಟರಲ್ಲಿ “ನೀರು ಬೇಕಂತೆ ಟೀಚರ್!” ಎಂದು ಕೂಗುತ್ತಿದ್ದ. ಇಡೀ ಕ್ಲಾಸು ನಗುತ್ತಿತ್ತು. ಚೌಡಿ ಕ್ರಮೇಣ ಬಾಯಿ ತೆರೆಯುವುದನ್ನೇ ಬಿಟ್ಟಳು.

ಒಂದು ದಿನ ಟೀಚರು ನನ್ನನ್ನು ಮಡಿಚಿ ಪಕ್ಕಕ್ಕಿಟ್ಟರು. “ಓಂಕಾರಿ, ಇವಳು ಉಣ್ಣೋ ಅನ್ನ ನೀನು ಉಂಡ್ರೆ ಇವಳ ಹೊಟ್ಟೆ ತುಂಬ್ತದೇನೋ?”

“ಇಲ್ಲ ಟೀಚರ್.”

“ಮತ್ತೆ ಇವಳ ಮಾತು ನೀನ್ಯಾಕೆ ಆಡ್ತೀಯ?”

ಅಂದು ಕೋಣೆಗೊಂದು ನಿಯಮ ಬಂತು. ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಕೂಡದು. ಯಾರಿಗೆ ತಡೆಯಲಾಗುವುದಿಲ್ಲವೋ ಅವರು ತಮ್ಮ ಎಡ ಅಂಗೈಯನ್ನು ತಮ್ಮ ಬಾಯಿಗೆ ಮುಚ್ಚಿಕೊಂಡು ಕಾಯಬೇಕು. ಮೊದಮೊದಲು ಎಲ್ಲರೂ ಮುಚ್ಚಿದ ಅಂಗೈಯೊಳಗೇ ಕಿಸಕ್ಕೆನ್ನುತ್ತಿದ್ದರು. ಟೀಚರೂ ಬಾಯಿ ಮುಚ್ಚಿಕೊಂಡು ನಿಂತಿರುವುದನ್ನು ಕಂಡು ನಗು ಅಡಗಿತು. ಚೌಡಿ ತನ್ನ ಮಾತನ್ನು ತಾನೇ ಮುಗಿಸುವವರೆಗೆ ಕೋಣೆ ಕಾಯತೊಡಗಿತು. ನಾನು ದೇವರ ಕಥೆಗಳನ್ನು ಎಷ್ಟೋ ಕೇಳಿದ್ದೇನೆ. ಆದರೆ ದೇವರು ಕೋಣೆಯೊಳಗೆ ಬಂದು ಕುಳಿತಂತೆ ನನಗನ್ನಿಸಿದ್ದು ಆ ಕಾಯುವ ಹೊತ್ತಿನಲ್ಲಿ.

ಪದ್ಯ ಹೇಳುವಾಗ ಚೌಡಿಗೆ ಉಗ್ಗು ಬರುತ್ತಿರಲಿಲ್ಲ. ಆ ಶ್ರಾವಣದಲ್ಲಿ ಟೀಚರು ಅವಳನ್ನೂ ನನ್ನನ್ನೂ ಮಂಟಪಕ್ಕೆ ಕರೆದೊಯ್ದರು. ಚೌಡಿ ನನ್ನ ಮುಂದೆ ಕುಳಿತು, ಒಂದು ಸಂಧಿಯನ್ನು ಹರಿಯುವ ನೀರಿನಂತೆ ಹೇಳಿ ಮುಗಿಸಿದಳು. ಪಟೇಲರು ತಲೆದೂಗಿ, “ಯಾರ ಮಗಳವ್ವಾ ನೀನು?” ಎಂದರು. ಅಲ್ಲಿಗೆ ನಿಂತಿತು ನೀರು. “ಮ... ಮಂ...”

“ಆಯ್ತು ಬಿಡವ್ವ, ಗೊತ್ತಾಯ್ತು, ಮಂಗಳಾರತಿ ಎತ್ರಪ್ಪ,” ಎಂದರು ಪಟೇಲರು.

“ಎತ್ತಬೇಡಿ,” ಎಂದು ರುದ್ರಾಣಿ ಟೀಚರು ಎದ್ದು ನಿಂತರು. “ಕೇಳಿದ್ದು ನೀವು. ಉತ್ತರ ಬರೋವರ್ಗೂ ಕೂತ್ಕೊಳ್ಳಿ.”

ಪಟೇಲರಿಗೆ ಎದುರಾಡಿದವರನ್ನು ಆ ಮಂಟಪ ಅದುವರೆಗೆ ಕಂಡಿರಲಿಲ್ಲ. ಹಚ್ಚಿದ ಕರ್ಪೂರ ತಟ್ಟೆಯಲ್ಲೇ ಉರಿದುಹೋಯಿತು. ಚೌಡಿ ಹೇಳಿಯೇ ಹೇಳಿದಳು: “ಮಂ... ಮಂಡಕ್ಕಿ ಭಟ್ಟಿ ನಿಂ... ನಿಂಗಣ್ಣನ ಮಗಳು.” ಬಳಿಕ ಬೇರೆ ಕರ್ಪೂರ ಹಚ್ಚಿದರು.

ದಾರಿಯಲ್ಲಿ ಚೌಡಿ, ತಾನಿನ್ನು ಎಲ್ಲವನ್ನೂ ಪದ್ಯದ ಹಾಗೇ ಹೇಳಿಬಿಡುತ್ತೇನೆ ಎಂದಳು. ಟೀಚರು ನಕ್ಕರು. “ರಾಗ ಎಳ್ಕೊಂಡು ಸಂತೆ ಮಾಡಕ್ಕಾಗ್ತದೇನೆ ಹುಚ್ಚಿ? ಮಾತಾಡು. ತಡವಾದ್ರೆ ಆಗ್ಲಿ. ಕಾಯದು ನಮ್ಮ ಕೆಲಸ.”

ನಿವೃತ್ತರಾದ ದಿನ ಟೀಚರು ನನ್ನನ್ನು ಮನೆಗೆ ಒಯ್ಯಲಿಲ್ಲ. “ಇದು ಕೋಣೆದು,” ಎಂದರು. ಆಮೇಲೆ ಬಂದವರಲ್ಲಿ ಒಬ್ಬ ಹೆಡ್ಮಾಸ್ಟರು ನನ್ನ ಮೇಲೆ ಹಾಜರಿ ಪುಸ್ತಕ ಇಟ್ಟರು. ಇನ್ನೊಬ್ಬರು ಗಡಿಯಾರ ಇಟ್ಟರು. ಮೂರನೆಯವರು ನನ್ನನ್ನು ಮಡಿಚಿ, ಕಾಲು ಗಿಡ್ಡವಾಗಿದ್ದ ಬೀರುವಿನಡಿಗೆ ತುರುಕಿದರು. ಆ ಭಾರಕ್ಕೆ ನನ್ನ ಒಂದು ರೆಕ್ಕೆ ಸೀಳಿತು.

ರುದ್ರಾಣಿ ಟೀಚರು ತೀರಿಕೊಂಡ ಸುದ್ದಿ ಕೇಳಿದ್ದು ಆ ಬೀರುವಿನಡಿಯಿಂದಲೇ. ಒಂದು ದಿನ ರಜೆ ಕೊಟ್ಟರು. ಹುಡುಗರು ಹೋ ಎಂದು ಓಡಿದರು. ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮುಂದೆ ಪ್ರತಿ ಸೆಪ್ಟೆಂಬರಿನಲ್ಲೂ ಶಿಕ್ಷಕರ ದಿನಕ್ಕೆ ಅವರ ಫೋಟೋಗೆ ಹಾರ ಹಾಕಿ, ಮೈಕು ಹಿಡಿದು, ಗುರುಗಳ ಋಣ ತೀರಿಸಲಾಗದು ಎಂದು ಗಡಿಬಿಡಿಯಲ್ಲಿ ಹೇಳಿ, ಖಾರಾ ಬೂಂದಿ ಹಂಚಿ ಮನೆಗೆ ಹೋದ ದೊಡ್ಡವರ ಮೇಲೆ ಸಿಟ್ಟಿತ್ತು. ನೆನಪೆಂದರೆ ಇಷ್ಟೆಯೇ? ಒಂದು ಹಾರ, ಒಂದು ರಜೆ? ಬೀರು ಹೊತ್ತವರು ಗೊಣಗುವ ಹಾಗಿಲ್ಲ. ನಾನು ಗೊಣಗಿದೆ.

ಹೀಗಿರಲು ಆ ಶಾಲೆಗೇ ಕುತ್ತು ಬಂತು. ಮುಂದಿನ ಕೋಣೆ ಕೆಡವಿ, ರಸ್ತೆಗೆ ಮುಖ ಮಾಡಿ ಮಳಿಗೆ ಕಟ್ಟುವುದು. ಮಕ್ಕಳನ್ನು ಹೈವೇಯ ಆಚೆ ಬದಿಯ ಶಾಲೆಗೆ ಸೇರಿಸುವುದು. ಇದನ್ನು ತೀರ್ಮಾನಿಸಲು ಶಾಲೆಯ ಜಗಲಿಯಲ್ಲೇ ಗ್ರಾಮಸಭೆ ಕರೆದರು. ಬೀರು, ಮುರಿದ ಬೆಂಚು, ನಾನು, ಎಲ್ಲರನ್ನೂ ಗುಜರಿಯವನಿಗಾಗಿ ಹೊರಗೆ ರಾಶಿ ಹಾಕಿದ್ದರು. ಅಧ್ಯಕ್ಷ ಗುರುಶಾಂತಪ್ಪನವರು ಪಟೇಲರ ಮೊಮ್ಮಗ, ದುರ್ಗದ ಕಾನ್ವೆಂಟಿನಲ್ಲಿ ಓದಿದವರು. ನಮ್ಮ ಕೋಣೆಯ ನಿಯಮ ಅವರಿಗೆ ಗೊತ್ತಿರಲಿಲ್ಲ.

ಸಭೆಯಲ್ಲಿ ಮೊದಲು ಎದ್ದು ನಿಂತವಳು ನಡುವಯಸ್ಸು ದಾಟಿದ ಒಬ್ಬ ಹೆಂಗಸು. ಅವಳ ಸೆರಗಿನಲ್ಲಿ ಅದೇ ಹೊಗೆಯ ವಾಸನೆ. ಈಗ ಭಟ್ಟಿ ನಡೆಸುವವಳು ಅವಳೇ.

“ಈ ಶಾ... ಶಾ...”

“ಹಾಂ, ಚೌಡಮ್ಮೋರು ಶಾಲೆ ಹಳೇದಾಗೈತೆ, ಕೆಡವಿ ಅಂತಾವ್ರೆ,” ಎಂದರು ಅಧ್ಯಕ್ಷರು, ನಗುತ್ತ. “ಅವರ ಭಟ್ಟಿಗೂ ಒಂದು ಮಳಿಗೆ ಕೊಡಾಣ. ಬರ್ಕೊಳ್ರಿ ಸೆಕ್ರೆಟ್ರಿ.”

ಸೆಕ್ರೆಟರಿಯ ಪೆನ್ನು ಕಾಗದಕ್ಕೆ ತಾಗಿತು. ಚೌಡಿಯ ಮುಖ ಕೆಂಪಾಯಿತು, ಬಾಯಿ ತೆರೆದರೆ ಗಾಳಿಯೂ ಹೊರಡಲಿಲ್ಲ. ಹಿಡಿದುಕೊಳ್ಳಲು ಏನಾದರೂ ಬೇಕೆಂದು ಅವಳ ಕೈ ಪಕ್ಕದ ರಾಶಿಗೆ ಚಾಚಿತು. ಸಿಕ್ಕಿದ್ದು ನಾನು. ಅವಳು ಕೆಳಗೆ ನೋಡಿದಳು. ನನ್ನನ್ನು ಎತ್ತಿ, ಕಣ್ಣಿಗೊತ್ತಿಕೊಂಡು, ಸಭೆಯ ನಡುವೆ ಬಿಡಿಸಿದಳು.

ಸೀಳಿದ ರೆಕ್ಕೆ ನೋಯುತ್ತಿತ್ತು. ಆದರೂ ನನ್ನಲ್ಲಿದ್ದ ಶಕ್ತಿಯನ್ನೆಲ್ಲ ಆ ಗೆಣ್ಣಿಗೆ ತಂದುಕೊಂಡು ಕಿರುಗುಟ್ಟಿದೆ. ಹುಟ್ಟಿದಾಗಿನಿಂದ ಅಷ್ಟು ಜೋರಾಗಿ ಕಿರುಗುಟ್ಟಿರಲಿಲ್ಲ.

ಹಿಂದಿನ ಸಾಲುಗಳಲ್ಲಿ ಗುಸುಗುಸು ನಿಂತಿತು. ಹೋಟೆಲಿನ ಓಂಕಾರಪ್ಪ, ಅಂದಿನ ಓಂಕಾರಿ, ಈಗ ತಲೆ ಪೂರ್ತಿ ನರೆತವನು, ಮೆಲ್ಲಗೆ ಎದ್ದು ತನ್ನ ಎಡ ಅಂಗೈಯನ್ನು ಬಾಯಿಗೆ ಮುಚ್ಚಿಕೊಂಡ. ಅವನ ಪಕ್ಕದ ಟೈಲರು, ಸೊಸೈಟಿಯವರು, ಸೊಪ್ಪು ಮಾರುವ ಅಕ್ಕತಂಗಿಯರು, ಬಾಯಿಗೆ ಕೈ ಮುಚ್ಚಿ ಒಬ್ಬೊಬ್ಬರಾಗಿ ಎದ್ದು ನಿಂತರು.

“ಏನ್ರಿ ಇದು ನಾಟ್ಕ? ಟೈಮಾಗ್ತೈತೆ!” ಎಂದರು ಅಧ್ಯಕ್ಷರು.

ಓಂಕಾರಪ್ಪ ಕೈಯನ್ನು ಒಂದು ಕ್ಷಣ ತೆಗೆದ. “ನಿಮ್ ತಾತನ್ನೇ ಕಾಯಿಸಿದ್ ನಿಯಮ ಕಣ್ರಿ ಇದು. ಅವಳ ಮಾತು ಅವಳೇ ಮುಗಿಸ್ಲಿ. ಕಾಯ್ರಿ.” ಮತ್ತೆ ಮುಚ್ಚಿಕೊಂಡ.

ಚೌಡಿ ನನ್ನ ಅಂಚಿಗೆ ಬೆರಳು ತಟ್ಟಿದಳು. ಮೂರು, ನಾಲ್ಕು. ಪದ್ಯ ಹೇಳಲಿಲ್ಲ. ಉಗ್ಗುತ್ತಲೇ ಮಾತಾಡಿದಳು.

“ನ... ನನ್ ಮಾತು ನಾನೇ ಮು... ಮುಗಿಸ್ತೀನಿ ಅಧ್ಯಕ್ಷರೆ. ಲಾ... ಲಾರಿ ಓಡಾಡೋ ರಸ್ತೆ ದಾಟಿ ಚಿ... ಚಿಕ್ ಮಕ್ಳು ಹೋಗಾದ್ ಬ್ಯಾಡ. ಮ... ಮಳಿಗೆ ನಂಗ್ ಬ್ಯಾಡ. ಈ ಶಾ... ಶಾಲೆ ಕೆ... ಕೆಡವಾದ್ ಬ್ಯಾಡ.”

ಎಷ್ಟು ಹೊತ್ತಾಯಿತೋ ನಾನು ಎಣಿಸಲಿಲ್ಲ. ಅವಳ ಮಾತನ್ನು ಒಪ್ಪುವವರು ಕೈ ಎತ್ತಿ ಎಂದು ಅಧ್ಯಕ್ಷರು ಹೇಳಿದಾಗ ಎಡಗೈ ಬಾಯ ಮೇಲಿದ್ದಂತೆಯೇ ಬಲಗೈಗಳು ಮೇಲೆದ್ದವು. ಸೆಕ್ರೆಟರಿ ಮೊದಲಿನದನ್ನು ಹೊಡೆದುಹಾಕಿ, ಅವಳು ಹೇಳಿದ್ದನ್ನು ಅವಳು ಹೇಳಿದಂತೆಯೇ ಬರೆದುಕೊಂಡ.

ರುದ್ರಾಣಿ ಟೀಚರು ಚೌಡಿಯ ಉಗ್ಗನ್ನು ವಾಸಿ ಮಾಡಲಿಲ್ಲ, ಊರಿಗೆ ಕಾಯುವುದನ್ನು ಕಲಿಸಿದರು. ಅಷ್ಟೂ ವರ್ಷ ಬೀರುವಿನಡಿಯಲ್ಲಿ ಗೊಣಗುತ್ತಿದ್ದ ನನಗೆ ಇದು ತಿಳಿದಿರಲಿಲ್ಲ. ಅವರು ಫೋಟೋದೊಳಗಿರಲಿಲ್ಲ, ಇಷ್ಟು ಜನರ ಎಡ ಅಂಗೈಯಲ್ಲಿದ್ದರು.

ಈಗ ನಾನು ಮತ್ತೆ ಅದೇ ಕೋಣೆಯಲ್ಲಿದ್ದೇನೆ. ಸೀಳಿದ ರೆಕ್ಕೆಗೆ ತಂತಿ ಬಿಗಿದಿದ್ದಾರೆ. ಹೊಸದಾಗಿ ಬಂದ ಫರ್ಹಾನಾ ಟೀಚರು ದಿನಾ ಬೆಳಿಗ್ಗೆ ನನ್ನನ್ನು ಬಿಡಿಸುತ್ತಾರೆ. ಮೊನ್ನೆ ಮೌನಾಚಾರಿಯ ಮೊಮ್ಮಗ ಬಂದು, ಗೆಣ್ಣಿಗೆ ಎರಡು ಹನಿ ಎಣ್ಣೆ ಬಿಟ್ಟರೆ ಸದ್ದು ಹೋಗುತ್ತದೆ ಎಂದ. ಮಂಡಕ್ಕಿ ಕೊಡಲು ಬಂದಿದ್ದ ಚೌಡಿ ಬಾಗಿಲಲ್ಲೇ ನಿಂತು, “ಎ... ಎ...” ಎಂದಳು. ಅವನು ಬಾಯಿಗೆ ಕೈ ಮುಚ್ಚಿಕೊಂಡು ಕಾದ.

“ಎ... ಎಣ್ಣೆ ಬ್ಯಾಡ.”

ನಾನು ಹಳಬ, ಸೀಳಿಹೋದವನು. ಪುಸ್ತಕದ ಭಾರಕ್ಕೂ ಒಮ್ಮೊಮ್ಮೆ ವಾಲುತ್ತೇನೆ. ಆದರೂ ಕಿರುಗುಟ್ಟುತ್ತೇನೆ. ಅವಸರವಿದ್ದವರು ಬಾಯಿಗೆ ಕೈ ಮುಚ್ಚಿಕೊಂಡು ಕಾಯಲಿ.