ಮುಟ್ಟದ ಹತ್ತು ಬಿಲ್ಲೆ

ಎಷ್ಟು ಉಜ್ಜಿದರೂ ಚಿಕ್ಕಮಾದಮ್ಮನ ಅಂಗೈಯ ಅಂಟು ಬಿಡಲಿಲ್ಲ. ಹೊಗೆಸೊಪ್ಪಿನ ಹಸಿ ಎಲೆ ಮುರಿಯುವವರ ಕೈಗೆ ಹತ್ತುವ ಕರೀ ಅಂಟು ಅದು. ಬದುಕಿದ್ದವರಿಗೇ ವಾರಗಟ್ಟಲೆ ಬಿಡದ್ದು ಸತ್ತವಳಿಗೆಲ್ಲಿ ಬಿಟ್ಟೀತು? ಪುಟ್ಟಮಲ್ಲಮ್ಮ ಸೀಗೆಪುಡಿ ಹಾಕಿ ತಿಕ್ಕಿದಳು, ಹುಣಸೆಹಣ್ಣು ಹಾಕಿ ತಿಕ್ಕಿದಳು. ಕೊನೆಗೆ ಸೋತು, ಮೂವತ್ತು ವರ್ಷ ತನ್ನ ಪಕ್ಕದಲ್ಲೇ ಕೂತು ಕಡ್ಡಿಗೆ ಎಲೆ ಕಟ್ಟಿದ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಮರೆಗೆ ಕಟ್ಟಿದ ಸೀರೆಯ ಈಚೆ ಬಿಸಿನೀರು ಹೊತ್ತು ತಂದಿಡುತ್ತಿದ್ದ ಚಿಕ್ಕಮಾದಮ್ಮನ ಅಣ್ಣ ಮರಿಯಯ್ಯನಿಗೆ ಮಾತ್ರ ಅಳು ಬರಲಿಲ್ಲ.

ನಿನ್ನೆ ಸಂಜೆ ಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ಎಲೆ ಕಟ್ಟುತ್ತಾ ಕೂತವಳು ಹಾಗೇ ಪಕ್ಕಕ್ಕೆ ವಾಲಿದ್ದಳು. ಪಿರಿಯಾಪಟ್ಟಣದ ಆಸ್ಪತ್ರೆಗೆ ಎತ್ತಿಕೊಂಡು ಹೊರಟವರು ಕಂಪಲಾಪುರ ದಾಟುವ ಮೊದಲೇ ವಾಪಸು ಬಂದರು. ಅರವತ್ತು ವರ್ಷ. ಮದುವೆಯಿಲ್ಲ, ಮಕ್ಕಳಿಲ್ಲ. ಅಣ್ಣನ ಹೆಂಡತಿ ತೀರಿಕೊಂಡ ಮೇಲೆ ಅವನ ಮಗ ಕಿರಣ್‌ಕುಮಾರನ ಮನೆಗೂ ಮೊಮ್ಮಗಳು ನಂದಿತಾಗೂ ಅವಳೇ ತಾಯಿ.

ಮೈ ತೊಳೆದು, ಹೊಸ ಸೀರೆ ಉಡಿಸಿ, ಶಾಮಿಯಾನದ ಕೆಳಗೆ ಬೆಂಚಿನ ಮೇಲೆ ಕೂರಿಸಿದರು. ಬಂದವರೆಲ್ಲ ಹೂವು ಹಾಕಿ, ಕಣ್ಣೊರೆಸಿಕೊಂಡು ಹೇಳಿದ್ದು ಒಂದೇ ಮಾತು. ಪಾಪ, ಏನೂ ಅರಿಯದ ಜೀವ. ಬುದ್ಧಿ ಬೆಳೆಯಲೇ ಇಲ್ಲ, ಮಗುವಿನ ಹಾಗೆ ಬಂದಳು, ಮಗುವಿನ ಹಾಗೇ ಹೋದಳು. ಪ್ರೀತಿಯಿಂದಲೇ ಹೇಳುತ್ತಿದ್ದರು. ಊರಿನ ಪ್ರೀತಿಯೂ ಒಮ್ಮೊಮ್ಮೆ ಮುಳ್ಳಿನ ಬರಲಿನಷ್ಟೇ ನೋಯಿಸುತ್ತದೆ. ಪ್ರತಿ ಸಲ ಆ ಮಾತು ಕಿವಿಗೆ ಬಿದ್ದಾಗಲೂ ಮರಿಯಯ್ಯ ತಲೆ ತಗ್ಗಿಸಿದ.

ಎರಡು ಗಂಟೆಗೆ ಎತ್ತುವುದೆಂದು ಹಿರಿಯರು ಹೇಳಿದ್ದರು. ಅಷ್ಟರೊಳಗೆ ಅವನೊಂದು ಮಾತು ಹೇಳಬೇಕಿತ್ತು. ತನ್ನ ತಂಗಿ ಪೆದ್ದಿಯಲ್ಲ. ಅವಳಿಗೆ ಆ ಹೆಸರು ಅಂಟಿದ್ದು ತನ್ನಿಂದ. ಐವತ್ತೆರಡು ವರ್ಷ ನುಂಗಿಕೊಂಡು ಬಂದ ಮಾತು. ಅವಳಿಗೇ ಹೇಳಿ ಕ್ಷಮೆ ಕೇಳಬೇಕೆಂದು ಆಷಾಢದಲ್ಲಿ ಗಟ್ಟಿ ಮನಸ್ಸು ಮಾಡಿದ್ದ. ಗೌರಿ ಹಬ್ಬ ಕಳೆಯಲಿ ಎಂದು ಮುಂದೂಡಿದ. ಹಬ್ಬ ಕಳೆದು ನಾಲ್ಕು ದಿನಕ್ಕೆ ಅವಳು ಬೆಂಚಿನ ಮೇಲೆ ಕೂತಿದ್ದಳು, ಹಣೆಗೆ ಬಟ್ಟೆ ಕಟ್ಟಿಸಿಕೊಂಡು.

* * *

ಅವನಿಗೆ ಆಗ ಹನ್ನೆರಡು, ಅವಳಿಗೆ ಎಂಟು. ಮೈಸೂರಿನಿಂದ ಜೀಪಿನಲ್ಲಿ ಯಾರೋ ಬರುತ್ತಾರಂತೆ, ಮಕ್ಕಳ ಬುದ್ಧಿ ಅಳೆಯುತ್ತಾರಂತೆ ಎಂದು ಊರೆಲ್ಲ ಸುದ್ದಿ. ಬುದ್ಧಿಯನ್ನು ಸೇರಿನಲ್ಲಿ ಅಳೆಯುತ್ತಾರೋ ಬಳ್ಳದಲ್ಲಿ ಅಳೆಯುತ್ತಾರೋ ಎಂದು ಅರಳಿಕಟ್ಟೆಯಲ್ಲಿ ಕೂತವರು ನಗಾಡಿದರು. ಮರಿಯಯ್ಯನಿಗೆ ನಗು ಬರುವ ಸ್ಥಿತಿ ಇರಲಿಲ್ಲ. ಹಿಂದಿನ ವಾರವಷ್ಟೇ ಹೆಡ್‌ಮೇಷ್ಟ್ರ ಮೇಜಿನ ಮೇಲಿದ್ದ ಭೂಗೋಳವನ್ನು ಒಂದು ಸಲ, ಒಂದೇ ಒಂದು ಸಲ ತಿರುಗಿಸಿ ನೋಡಿದ್ದಕ್ಕೆ ಹುಣಸೆ ಬರಲು ಮುರಿಯುವವರೆಗೆ ಬೆನ್ನಿಗೆ ಬಿದ್ದಿತ್ತು. ಮೇಲುಕೇರಿಯ ಹುಡುಗರು ದಿನಾ ತಿರುಗಿಸುತ್ತಿದ್ದರು, ಅದು ಬೇರೆ ಮಾತು. ನಿಮ್ಮ ಮನೆಯವರು ಯಾರಾದರೂ ಇನ್ನೊಂದು ಸಲ ಸ್ಕೂಲಿನ ಸಾಮಾನು ಮುಟ್ಟಿದರೆ ನಿನ್ನ ಬೆನ್ನೇ ಉತ್ತರ ಹೇಳಬೇಕು ಎಂದಿದ್ದರು ಮೇಷ್ಟ್ರು. ತಂಗಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ರಾತ್ರಿ ಅವನ ಬೆನ್ನಿಗೆ ಹರಳೆಣ್ಣೆ ಹಚ್ಚಿದವಳೂ ಅವಳೇ.

ಜೀಪು ಬಂದ ದಿನ ಜಗುಲಿಯಲ್ಲಿ ಅವಳ ಕೈಹಿಡಿದು ನಿಲ್ಲಿಸಿ ಅವನು ಹೇಳಿದ್ದ:

"ಅವ್ರ ಸಾಮಾನು ಯಾವ್ದುನ್ನೂ ಮುಟ್ಬೇಡ ಕಣವ್ವ. ಏನೇ ಏಳ್ಲಿ, ಮುಟ್ಬೇಡ."

ಬಂದಿದ್ದವರು ಕನ್ನಡಕದ ಸಾಧು ಮನುಷ್ಯ. ಮೇಜಿನ ಮೇಲೆ ಒಂದು ಮರದ ಹಲಗೆ ಇಟ್ಟರು. ಅದರಲ್ಲಿ ಹತ್ತು ಗುಳಿ: ದುಂಡಗಿನದು, ಚೌಕದ್ದು, ನಕ್ಷತ್ರದಂಥದು. ಪಕ್ಕದಲ್ಲಿ ಹತ್ತು ಬಿಲ್ಲೆ. ಬೇಗ ಬೇಗ ಅದರದರ ಜಾಗದಲ್ಲಿ ಕೂರಿಸು ಮಗು ಎಂದು ಹೇಳಿ ಗಡಿಯಾರ ಒತ್ತಿದರು. ಬಾಗಿಲ ಹತ್ತಿರ ಹೆಡ್‌ಮೇಷ್ಟ್ರು ಕೈಕಟ್ಟಿ ನಿಂತಿದ್ದರು. ಕಿಟಕಿಯಿಂದ ಇಣುಕಿದ ಮರಿಯಯ್ಯನಿಗೆ ತಂಗಿಯ ಕಣ್ಣು ಕಂಡಿತು. ಬಿಲ್ಲೆಯಿಂದ ಗುಳಿಗೆ, ಮತ್ತೊಂದು ಬಿಲ್ಲೆಯಿಂದ ಮತ್ತೊಂದು ಗುಳಿಗೆ ಕಣ್ಣು ಓಡಿತು. ಹತ್ತನ್ನೂ ಕಣ್ಣಲ್ಲೇ ಕೂರಿಸಿ ಮುಗಿಸಿದ್ದಳು. ಕೈ ಮಾತ್ರ ಮಡಿಲು ಬಿಟ್ಟು ಏಳಲಿಲ್ಲ. ಅವರು ಮೂರು ಸಲ ಹೇಳಿದರು, ಮೂರು ಸಲ ಗಡಿಯಾರ ಒತ್ತಿದರು, ಆಮೇಲೆ ನಿಟ್ಟುಸಿರು ಬಿಟ್ಟು ಕಾಗದದಲ್ಲಿ ಏನೋ ಬರೆದರು.

ಆ ಕಾಗದವನ್ನು ಹೆಡ್‌ಮೇಷ್ಟ್ರು ಅಪ್ಪನಿಗೆ ಓದಿ ಹೇಳಿದರು. ಬುದ್ಧಿಮಾಂದ್ಯವಂತೆ, ಓದಿಸಿ ಪ್ರಯೋಜನವಿಲ್ಲವಂತೆ, ದನ ಕಾಯಲು ಹಾಕು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಮೈಸೂರಿನವರು ಬರೆದದ್ದು ಸುಳ್ಳಾಗುವುದುಂಟೇ ಎಂದು ತಲೆಯಾಡಿಸಿದ. ಮಾರನೆಯ ದಿನದಿಂದ ಅವಳ ಕೈಗೆ ಕೋಲು ಬಂತು. ಮರಿಯಯ್ಯ ಬಾಯಿ ಬಿಟ್ಟಿದ್ದರೆ ಅಂದೇ ಮುಗಿಯುತ್ತಿತ್ತು. ಬಾಯಿ ಬಿಡಲಿಲ್ಲ. ಬೆನ್ನು ಇನ್ನೂ ಉರಿಯುತ್ತಿತ್ತು.

* * *

ಹನ್ನೆರಡರ ಹೊತ್ತಿಗೆ ಚಲುವಯ್ಯ ಸೇವಂತಿಗೆ ಹಾರ ತಂದ. ಚಿಕ್ಕಮಾದಮ್ಮ ಇಷ್ಟು ವರ್ಷ ದುಡಿದ ಬ್ಯಾರನ್ನಿನ ಯಜಮಾನ. ಹಾರ ಹಾಕಿ, ಚಪ್ಪಲಿ ಬಿಟ್ಟು, ಕೈಮುಗಿದು, ಪಕ್ಕದ ಕುರ್ಚಿಯಲ್ಲಿ ಕೂತ. ಬೇಯಿಸಿದ ಎಲೆಯ ಬಣ್ಣ ನೋಡಿ ವಿಂಗಡಿಸುವುದರಲ್ಲಿ ಅವಳನ್ನು ಮೀರಿಸುವವರು ಈ ಸುತ್ತಿನಲ್ಲಿ ಇರಲಿಲ್ಲವೆಂದು ಬಂದವರಿಗೆಲ್ಲ ಹೇಳಿದ. ಅದು ನಿಜ. ನಿಂಬೆ ಹಳದಿ ಬೇರೆ, ಕಿತ್ತಳೆ ಹಳದಿ ಬೇರೆ, ಅಂಚು ಕಂದಿದ್ದು ಬೇರೆ, ಚುಕ್ಕೆ ಬಿದ್ದದ್ದು ಬೇರೆ. ನಮ್ಮ ನಿಮ್ಮ ಕಣ್ಣಿಗೆ ಎಲ್ಲವೂ ಒಂದೇ ಹೊಗೆಸೊಪ್ಪು. ಅವಳು ರಾಶಿಯ ಮುಂದೆ ಕೂತರೆ ಹದಿನೈದು ಗುಂಪು ತಂತಾನೇ ಏಳುತ್ತಿತ್ತು. ಆದರೆ ಕೂತ ತಕ್ಷಣ ಶುರು ಮಾಡುತ್ತಿರಲಿಲ್ಲ. ಯಾರಾದರೂ ಮುಟ್ಟು ಎನ್ನುವವರೆಗೆ ಕೈ ಮಡಿಲಲ್ಲಿಟ್ಟು ಕಾಯುತ್ತಿದ್ದಳು. ತಟ್ಟೆಗೆ ಮುದ್ದೆ ಬಿದ್ದರೂ ಉಣ್ಣು ಎನ್ನಬೇಕು. ಅದನ್ನೇ ನೋಡಿ ಜನ ಪೆದ್ದಿ ಎಂದರು.

ಮದುವೆಯೂ ಅದರಿಂದಲೇ ಮುರಿಯಿತು. ಸರಗೂರಿನ ಕಡೆಯಿಂದ ಒಳ್ಳೆಯ ಹುಡುಗನೊಬ್ಬ ನೋಡಿ ಒಪ್ಪಿಹೋಗಿದ್ದ. ಹುಡುಗಿಗೆ ತಲೆ ಸರಿಯಿಲ್ಲವಂತೆ, ಮೈಸೂರಿನವರೇ ಬರೆದುಕೊಟ್ಟಿದ್ದಾರಂತೆ ಎಂದು ಯಾರೋ ಊದಿದರು. ಹುಡುಗನ ಸೋದರಮಾವ ಮರಿಯಯ್ಯನನ್ನು ಪಕ್ಕಕ್ಕೆ ಕರೆದು ನಿಜವೋ ಸುಳ್ಳೋ ಎಂದು ಕೇಳಿದ. ಆಗ ಅವನಿಗೆ ಇಪ್ಪತ್ತೆರಡು, ಹುಣಸೂರಿನ ಕಚೇರಿಯಲ್ಲಿ ಜವಾನನ ಕೆಲಸ ಸಿಕ್ಕಿತ್ತು, ಹೊಡೆಯುವವರು ಯಾರೂ ಉಳಿದಿರಲಿಲ್ಲ. ಆದರೂ ಸುಮ್ಮನಿದ್ದ. ಅಪ್ಪ ಹಾಸಿಗೆ ಹಿಡಿದಿದ್ದ, ಮನೆಗೆ ಅವಳ ಕೈ ಬೇಕಿತ್ತು. ಹನ್ನೆರಡರ ಹುಡುಗನನ್ನು ದೇವರು ಕ್ಷಮಿಸಿಯಾನು. ಇಪ್ಪತ್ತೆರಡರವನನ್ನು ಮರಿಯಯ್ಯ ತಾನೇ ಕ್ಷಮಿಸಿರಲಿಲ್ಲ.

* * *

ಆಷಾಢದಲ್ಲಿ ನಂದಿತಾ ಕಾಲೇಜಿನಿಂದ ಬಂದಾಗ ಒಂದು ಚೀಲ ತಂದಿದ್ದಳು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದುವ ಹುಡುಗಿ. ಊರಿನಲ್ಲಿ ಯಾರಾದರೂ ಐದು ಜನರ ಮೇಲೆ ಪರೀಕ್ಷೆ ಮಾಡಿ ರೆಕಾರ್ಡು ಬರೆಯಬೇಕಿತ್ತು. ಚೀಲದಿಂದ ಹಲಗೆ ತೆಗೆದು ನೆಲದ ಮೇಲಿಟ್ಟಾಗ ಟೀ ಕುಡಿಯುತ್ತಿದ್ದ ಮರಿಯಯ್ಯ ಲೋಟ ಹಿಡಿದೇ ಹತ್ತಿರ ಬಂದು ಬಗ್ಗಿ ನೋಡಿದ. ಅದೇ ಹತ್ತು ಗುಳಿ, ಅದೇ ಹತ್ತು ಬಿಲ್ಲೆ.

ಅಜ್ಜಿ ಚಿಕ್ಕಮಾದಮ್ಮನನ್ನೇ ಮೊದಲು ಕೂರಿಸಿದಳು. ಅಜ್ಜಿ ಹಲಗೆಯನ್ನು ನೋಡಿದಳು, ಕೈ ಮಡಿಲಲ್ಲಿ. ನಂದಿತಾ ನಗುತ್ತಾ ಮುಟ್ಟಜ್ಜಿ ಎಂದಳು. ಚಿಕ್ಕಮಾದಮ್ಮ ತಲೆಯೆತ್ತಿ ಅಣ್ಣನ ಮುಖ ನೋಡಿದಳು. ಆ ನೋಟವನ್ನು ಅವನು ಸಾಯುವವರೆಗೆ ಮರೆಯುವಂತಿಲ್ಲ. ಅವನು ಹೂಂ ಎನ್ನುವ ಹಾಗೆ ತಲೆಯಾಡಿಸಿದ. ಅಷ್ಟೇ, ಟಕಟಕನೆ ಹತ್ತೂ ಕೂತವು. ನಂದಿತಾ ಫೋನಿನ ಗಡಿಯಾರ ನೋಡಿ, ನಮ್ಮ ಕ್ಲಾಸಿನಲ್ಲೇ ಯಾರೂ ಇಷ್ಟು ಬೇಗ ಮಾಡಿಲ್ಲ ತಾತ ಎಂದು ಕುಣಿದಳು.

ಆಮೇಲೆ ಓದಿದ್ದನ್ನೆಲ್ಲ ಹೇಳಿದಳು. ನೂರೈವತ್ತು ವರ್ಷಕ್ಕೂ ಹಿಂದೆ ಸೆಗ್ವಿನ್ ಎಂಬ ಫ್ರಾನ್ಸಿನ ಡಾಕ್ಟರು, ಯಾರೂ ಹತ್ತಿರ ಸೇರಿಸದ ಮಕ್ಕಳಿಗೆ ಪಾಠ ಕಲಿಸಲೆಂದು ಇಂಥ ಹಲಗೆ ಮಾಡಿಸಿದನಂತೆ. ಅಳೆಯುವುದಕ್ಕೆ ಬಳಸಿದ್ದು ಆಮೇಲಿನವರು. ಬಿನೆ ಎಂಬ ಇನ್ನೊಬ್ಬ ಬುದ್ಧಿಯ ಪರೀಕ್ಷೆ ಕಟ್ಟಿದನಂತೆ. ಹಿಂದೆ ಬಿದ್ದ ಮಕ್ಕಳಿಗೆ ಹೆಚ್ಚು ಹೇಳಿಕೊಡಬೇಕು ಎಂಬುದೇ ಅವನ ಆಸೆ.

"ಒಂದ್ಸಲ ಅಳೆದಿದ್ದು ಸಾಯೋ ತನಕ ಅಂತ ಅವ್ರು ಏಳೇ ಇಲ್ಲ ತಾತ," ಎಂದಳು.

ಮರಿಯಯ್ಯ ಲೋಟ ಕೆಳಗಿಟ್ಟು ಹಿತ್ತಲಿಗೆ ಹೋಗಿ ನಿಂತ. ಒಳಗೆ ತಂಗಿ ಬಿಲ್ಲೆಗಳನ್ನು ತೆಗೆದು ಮತ್ತೆ ಕೂರಿಸುವ ಸದ್ದು ಕೇಳುತ್ತಲೇ ಇತ್ತು. ಯಾರೂ ಹೇಳದೆ, ತಾನಾಗಿ.

* * *

ಒಂದೂವರೆಗೆ ತಮಟೆಯವರು ಚರ್ಮ ಕಾಯಿಸತೊಡಗಿದರು. ಚಲುವಯ್ಯ ಏಳುತ್ತಾ ಕೊನೆಯದಾಗಿ ಹೇಳಿದ:

"ಕೈ ಒಂದ್ ಚಿನ್ನದಂಗೆ ಕೊಟ್ಟಿದ್ದ ದ್ಯಾವ್ರು. ತಲೆ ಕೊಡೋದು ಮರ್ತುಬುಟ್ಟ."

"ದ್ಯಾವ್ರು ಮರೀನಿಲ್ಲ ಕಣ್ರೀ," ಎಂದ ಮರಿಯಯ್ಯ. "ಕೊಟ್ಟಿದ್ದ. ನಾನು ಕಿತ್ಕಂಡೆ."

ಅವನು ಎದ್ದು ನಿಂತು ಎಲ್ಲವನ್ನೂ ಹೇಳಿದ. ಭೂಗೋಳ, ಬರಲು, ಹಲಗೆ, ಜಗುಲಿಯಲ್ಲಿ ತಾನು ಹೇಳಿದ ಮಾತು, ಸರಗೂರಿನವರು ಕೇಳಿದಾಗ ತಾನು ಹೇಳದೆ ಬಿಟ್ಟ ಮಾತು. ಹೇಳುವಾಗ ತಂಗಿಯ ಮುಖವನ್ನೇ ನೋಡುತ್ತಿದ್ದ. ಮುಗಿದ ಮೇಲೆ ಜನ ಬೈಯಲಿ ಎಂದು ಕಾದ. ಯಾರೂ ಬೈಯಲಿಲ್ಲ. ಚಲುವಯ್ಯ ಹೆಗಲು ತಟ್ಟಿ, ದುಃಖದಲ್ಲಿ ಹಂಗೆಲ್ಲ ಅನ್ನಿಸುತ್ತದೆ, ಬಿಡು ಎಂದು ಹೊರಟ. ಹೆಂಗಸರು, ಪಾಪ, ತಂಗಿ ಮೇಲೆ ಎಷ್ಟು ಪ್ರಾಣ ಎಂದು ಸೆರಗು ಬಾಯಿಗಿಟ್ಟರು. ಐವತ್ತೆರಡು ವರ್ಷದ ಸತ್ಯವನ್ನು ಊರು ಎರಡು ನಿಮಿಷದಲ್ಲಿ ಸಂಕಟದ ಮಾತೆಂದು ತೀರ್ಮಾನಿಸಿಬಿಟ್ಟಿತು.

ನಂದಿತಾ ಒಬ್ಬಳು ನಂಬಿದಳು. ತಾತನ ಎದುರಿಗೆ ಬಂದು ನಿಂತಳು.

"ಅಜ್ಜಿ ಬದುಕಿದ್ದಾಗ ಯಾಕ್ ಏಳ್ನಿಲ್ಲ ತಾತ?"

ಮರಿಯಯ್ಯ ಬೆಂಚಿನ ಕಾಲ ಬಳಿ ಹೋಗಿ ಕೂತ. ಆಗ ಪುಟ್ಟಮಲ್ಲಮ್ಮ ಹತ್ತಿರ ಬಂದು ಪಕ್ಕದಲ್ಲಿ ಕೂತಳು. ಸುತ್ತಲಿದ್ದವರಿಗೆ ಕೇಳಿಸದ ಹಾಗೆ ಸಣ್ಣ ದನಿಯಲ್ಲಿ ಮಾತಾಡಿದಳು.

"ಅವ್ಳಿಗೆ ಎಲ್ಲಾ ಗೊತ್ತಿತ್ತು ಕಣಣ್ಣ. ಇಷ್ಟ್ ಚೆಂದಾಗಿ ಸೊಪ್ಪು ಇಂಗಡಿಸ್ತೀಯ, ಅವತ್ಯಾಕೆ ಆ ಬಿಲ್ಲೆ ಮುಟ್ನಿಲ್ಲ ಅಂತ ನಾನೇ ಒಂದ್ಸಲ ಕೇಳ್ದೆ."

ಮರಿಯಯ್ಯ ಅವಳ ಕಡೆ ತಿರುಗಿದ.

"ಬಾಗ್ಲಲ್ಲಿ ಎಡ್‌ಮೇಷ್ಟ್ರು ನಿಂತಿದ್ರು, ನಾನ್ ಮುಟ್ಟಿದ್ರೆ ನಮ್ಮಣ್ಣಂಗೆ ಒಡೆಯೋರು, ಆಗ್ಲೇ ಅವನ ಬೆನ್ನು ಬಾತಿತ್ತು ಅಂದ್ಲು. ಅಣ್ಣಂಗೆ ಏಳ್ಬೇಡ, ನೊಂದ್ಕತಾನೆ ಅಂತ ನನ್ ತಾವ ಆಣೆ ಮಾಡಿಸ್ಕಂಡ್ಲು."

ಬೆಳಗಿನಿಂದ ಬಾರದ ಅಳು ಆಗ ಬಂತು. ಅಣ್ಣನ ಮಾತಿಗೆ ಹೆದರಿ ಸುಮ್ಮನೆ ಕೂತ ಹುಡುಗಿಯೆಂದು ಇಷ್ಟು ವರ್ಷ ಅಂದುಕೊಂಡಿದ್ದ. ಎಂಟು ವರ್ಷದ ಆ ಮಗು ಕಾದದ್ದು ಅವನ ಬೆನ್ನನ್ನು. ಆಮೇಲೆ ಶಾಲೆ, ಮದುವೆ, ಹೆಸರು, ಎಲ್ಲ ಹೋದರೂ ಅವನು ನೋಯದಿರಲೆಂದು ಬಾಯಿ ಮುಚ್ಚಿಕೊಂಡು ಅವನ ಮನೆಯಲ್ಲೇ ಅರವತ್ತು ವರ್ಷ ಮುಗಿಸಿದಳು. ಅಣ್ಣ ತಂಗಿ ಒಂದೇ ಸೂರಿನ ಕೆಳಗೆ, ಒಂದೇ ಮಾತನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಬಾಳಿದ್ದರು. ಎದೆ ಬಡಿದುಕೊಂಡು ಅತ್ತ ಅವನನ್ನು ನಾಲ್ಕು ಜನ ಹಿಡಿಯಬೇಕಾಯಿತು.

* * *

ಕೆರೆ ಏರಿಯ ಹಿಂದೆ ಗುಂಡಿ ತೋಡಿದ್ದರು. ದೇಹವನ್ನು ಇಸಿದುಕೊಳ್ಳಲು ಕಿರಣ್‌ಕುಮಾರ ಒಳಗಿಳಿಯಬೇಕಿತ್ತು. ಅವನನ್ನು ತಡೆದು ಮರಿಯಯ್ಯನೇ ಇಳಿದ. ಈ ವಯಸ್ಸಿನಲ್ಲಿ ಬೇಡವೆಂದವರ ಮಾತು ಅವನ ಕಿವಿಗೆ ಬೀಳಲಿಲ್ಲ. ತಲೆಯನ್ನು ತೆಂಕಲಿಗೆ ಮಾಡಿ ಮಲಗಿಸಿ, ಮುಂಗುರುಳು ಹಿಂದಕ್ಕೆ ಸರಿಸಿದ. ಮುಖಕ್ಕೆ ಬಟ್ಟೆ ಮುಚ್ಚಿ ಮೇಲೆ ಬಾ ಎಂದು ಹಿರಿಯರು ಹೇಳಿದರು. ಅವನು ಬಟ್ಟೆ ಮುಚ್ಚಲಿಲ್ಲ, ಮೇಲೂ ಬರಲಿಲ್ಲ. ಅವಳ ಕಿವಿಯ ಹತ್ತಿರ ಬಗ್ಗಿ ಏನೋ ಹೇಳತೊಡಗಿದ. ಮೇಲಿದ್ದವರಿಗೆ ಕಂಡದ್ದು ಅವನ ಬೆನ್ನು ಮಾತ್ರ.

ತಮಟೆ ನಿಂತಿತು. ಹಾರೆ ಗುದ್ದಲಿ ಹಿಡಿದವರು ಅವನ್ನು ಕೆಳಗಿಟ್ಟು ಗುಂಡಿಯ ಅಂಚಿನಲ್ಲಿ ಕೂತರು. ಕಿರಣ್‌ಕುಮಾರ ಮೊಣಕಾಲೂರಿ ಅಪ್ಪನಿಗೆ ಕೈ ಚಾಚಿದ. ಅವನ ಮಂಡಿಯ ಕೆಳಗಿನ ಸಡಿಲ ಮಣ್ಣು ಒಂದಿಷ್ಟು ಜಾರಿ ಚಿಕ್ಕಮಾದಮ್ಮನ ಹಣೆಯ ಮೇಲೆ ಬಿತ್ತು. ಮರಿಯಯ್ಯ ಟವಲಿನ ತುದಿಯಿಂದ ಮೆತ್ತಗೆ ಒರೆಸಿದ. ಮತ್ತೊಂದಿಷ್ಟು ಜಾರಿತು, ಕೆನ್ನೆಯ ಮೇಲೆ. ಅದನ್ನೂ ಒರೆಸಿದ.